ಶೇ 1ರಷ್ಟು ವ್ಯಾಪಾರಕ್ಕೆ ಲಿಥುವೇನಿಯಾ ತತ್ತರಿಸಿದ್ದು ಯಾಕೆ?

ಪ್ರಶ್ನೆ: ತೈವಾನ್ ಕಚೇರಿಗೆ ಜಾಗ ಕೊಟ್ಟಿದ್ದಕ್ಕೆ ಚೀನಾ ಲಿಥುವೇನಿಯಾದ ವ್ಯಾಪಾರ ನಿಲ್ಲಿಸಿತು ಎಂದು ಓದಿದೆ. ಆ ದೇಶದ ರಫ್ತಿನಲ್ಲಿ ಚೀನಾದ ಪಾಲು ಶೇ 1ರಷ್ಟು ಮಾತ್ರವಂತೆ. ಹಾಗಿದ್ದರೆ ಅಷ್ಟು ಪೆಟ್ಟು ಬಿದ್ದದ್ದು ಹೇಗೆ? ಯುರೋಪ್ ಒಕ್ಕೂಟ ಏನು ಮಾಡಿತು?

ಉತ್ತರ: ದೊಡ್ಡ ಪೆಟ್ಟು ಬಿದ್ದದ್ದು ಜರ್ಮನಿಯ ಕಡೆಯಿಂದ.

2021ರ ನವೆಂಬರ್‌ನಲ್ಲಿ ರಾಜಧಾನಿ ವಿಲ್ನಿಯಸ್‌ನಲ್ಲಿ ಕಚೇರಿ ತೆರೆಯಿತು. ಯುರೋಪಿನ ಬೇರೆ ಕಡೆ ಇಂಥ ಕಚೇರಿಗೆ ತೈವಾನಿನ ರಾಜಧಾನಿಯಾದ ‘ತೈಪೆ’ಯ ಹೆಸರಿಡುವುದು ರೂಢಿ. ಇಲ್ಲಿ ‘ತೈವಾನ್’ ಎಂದೇ ಬೋರ್ಡ್ ಹಾಕಿದರು. ತೈವಾನ್ ತನ್ನದೇ ಭಾಗ ಎನ್ನುವ ಚೀನಾಕ್ಕೆ ಇದು ಸಿಟ್ಟು ತರಿಸಿತು. ಡಿಸೆಂಬರ್ ಹೊತ್ತಿಗೆ ಚೀನಾದ ಕಸ್ಟಮ್ಸ್ ಕಂಪ್ಯೂಟರಿನ ಪಟ್ಟಿಯಿಂದ ಲಿಥುವೇನಿಯಾ ಮಾಯವಾಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಲಿಥುವೇನಿಯಾದ ಬಿಡಿಭಾಗ ಇರುವ ಬೇರೆ ದೇಶದ ಸರಕಿಗೂ ತೊಂದರೆ ಶುರುವಾಯಿತು. ಜರ್ಮನಿಯ ಕಾರು ಬಿಡಿಭಾಗದ ಕಂಪನಿಗಳಿಗೆ ಲಿಥುವೇನಿಯಾದಲ್ಲಿ ಕಾರ್ಖಾನೆಗಳಿವೆ. ಅವಕ್ಕೆ ಚೀನಾ ದೊಡ್ಡ ಮಾರುಕಟ್ಟೆ. ಜರ್ಮನ್-ಬಾಲ್ಟಿಕ್ ವಾಣಿಜ್ಯ ಮಂಡಳಿ ಲಿಥುವೇನಿಯಾ ಸರ್ಕಾರಕ್ಕೇ ಪತ್ರ ಬರೆಯಿತು: ಏನಾದರೂ ದಾರಿ ಹುಡುಕಿ, ಇಲ್ಲದಿದ್ದರೆ ಕೆಲವು ಕಾರ್ಖಾನೆ ಮುಚ್ಚಬೇಕಾದೀತು. ಮೂವತ್ತು ಲಕ್ಷವೂ ಜನರಿಲ್ಲದ ದೇಶದ ಮೇಲೆ ತನ್ನದೇ ಒಕ್ಕೂಟದ ಒಳಗಿಂದ ಈ ಒತ್ತಡ! ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ನೋವಾಗುವುದು ಇಲ್ಲೇ. 2022ರ ಜನವರಿಯಲ್ಲಿ ಲಿಥುವೇನಿಯಾದ ಅಧ್ಯಕ್ಷ ಗಿಟಾನಸ್ ನೌಸೆಡಾ ಅವರೇ ಕಚೇರಿಯ ಹೆಸರು ತಪ್ಪಾಯಿತು ಎಂದರು. ಚೀನಾಕ್ಕೆ ಹೊರಟಿದ್ದ 20 ಸಾವಿರ ಬಾಟಲಿ ರಮ್ ಅನ್ನು ತೈವಾನ್ ಕೊಂಡುಕೊಂಡು ನೆರವಾಯಿತು, ನಿಜ. ಆದರೆ ಜರ್ಮನಿಯ ಆರ್ಡರ್‌ಗಳ ಜಾಗವನ್ನು ರಮ್ ತುಂಬೀತೇ?

ಒಕ್ಕೂಟ ಆ ತಿಂಗಳೇ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಎರಡು ವರ್ಷದ ನಂತರ ಅದನ್ನು ತಾನೇ ತಡೆಹಿಡಿಯಿತು. ನಿರ್ಬಂಧ ಹಾಕಿಯೇ ಇಲ್ಲ ಎಂದು ಚೀನಾ ಹೇಳುತ್ತಿತ್ತು. ಬಹಿರಂಗ ಆದೇಶವೇ ಇಲ್ಲದಿದ್ದಾಗ ಸಾಬೀತು ಮಾಡುವುದು ಸುಲಭವಲ್ಲ ಅಲ್ವಾ?

ಮುಖ್ಯವಾದದ್ದು ಹೊಸ ಕಾನೂನು. 2023ರ ಡಿಸೆಂಬರ್‌ನಲ್ಲಿ ಆರ್ಥಿಕ ಒತ್ತಡ ತಡೆ ಕಾನೂನು ಜಾರಿಗೆ ಬಂತು. ವ್ಯಾಪಾರದ ಹೆಸರಲ್ಲಿ ಒಂದು ಸದಸ್ಯ ದೇಶವನ್ನು ಹೆದರಿಸಿದರೆ, ಇಡೀ ಒಕ್ಕೂಟ ಸುಂಕ ಹಾಕಬಹುದು, ಸರ್ಕಾರಿ ಟೆಂಡರ್‌ಗಳಿಂದ ಹೊರಗಿಡಬಹುದು, ಹೂಡಿಕೆಗೂ ತಡೆ ಒಡ್ಡಬಹುದು. ಎಲ್ಲ 27 ದೇಶಗಳೂ ಒಪ್ಪಬೇಕಿಲ್ಲ. ಶೇ 65ರಷ್ಟು ಜನಸಂಖ್ಯೆ ಇರುವ 15 ದೇಶಗಳು ಸಾಕು. ಹಾಗಾಗಿ ಯಾರೋ ಒಬ್ಬರನ್ನು ಒಲಿಸಿಕೊಂಡು ಇದನ್ನು ನಿಲ್ಲಿಸಲು ಆಗುವುದಿಲ್ಲ. ಇದು ಸುಮ್ನೆ ಕಾಗದದ ಮೇಲಿನ ಬದಲಾವಣೆಯಲ್ಲ.

ಆದರೂ ಮೊದಲ ಎರಡು ವರ್ಷ ಇದನ್ನು ಒಮ್ಮೆಯೂ ಬಳಸಲಿಲ್ಲ. 2025ರಲ್ಲಿ ಅಮೆರಿಕ ಸುಂಕದ ಬೆದರಿಕೆ ಹಾಕಿದಾಗಲೂ ಒಕ್ಕೂಟ ಶೇ 15ರ ಸುಂಕಕ್ಕೆ ಒಪ್ಪಿ ಬಂತು. ಈ ಕಾನೂನಿನಡಿ ಪರಿಶೀಲನೆಗೇ ನಾಲ್ಕು ತಿಂಗಳು ಹಿಡಿಯಬಹುದು. ಆರ್ಡರ್ ನಿಂತ ಸಣ್ಣ ಕಾರ್ಖಾನೆ ಅಷ್ಟು ದಿನ ಸಂಬಳ ಎಲ್ಲಿಂದ ಕೊಡಬೇಕು? ಲಿಥುವೇನಿಯಾ ಸರ್ಕಾರ ತನ್ನ ಕಂಪನಿಗಳಿಗೆ ರೂಪಿಸಿದ 13 ಕೋಟಿ ಯುರೋ ಸಾಲದ ನೆರವಿಗೆ ಒಕ್ಕೂಟದ ಒಪ್ಪಿಗೆ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ. ಮುಂದಿನ ಸಲ ಆ ಸಾಲದ ಹಣವನ್ನು 27 ದೇಶಗಳೂ ಸೇರಿ, ಮೊದಲ ವಾರದಲ್ಲೇ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.