ರಿಮೋಟ್ ವಿಮಾನ: ಮಲ್ಪೆಯಲ್ಲಿ ಹಾರಿಸಬಹುದಾ?

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ಸನ್‌ಪ್ಯಾಕ್ ಶೀಟ್ (ಬೋರ್ಡುಗಳಿಗೆ ಬಳಸುವ ಟೊಳ್ಳು ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ರಿಮೋಟ್ ವಿಮಾನ ಮಾಡಿದ್ದಾನೆ. ತೂಕ 900 ಗ್ರಾಂ. ಮಲ್ಪೆ ಬೀಚಿನಲ್ಲಿ ಹಾರಿಸಬೇಕಂತೆ. ಇದು ಡ್ರೋನ್ ಅಲ್ಲ, ಹಾಗಾಗಿ ಕಾನೂನು ಏನೂ ಇಲ್ಲ ಅಂತಾನೆ. ಹೌದಾ?
– ಓದುಗರು, ಕಟಪಾಡಿ

ಉತ್ತರ: ಇಲ್ಲ, ಕಾನೂನು ಇದೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಾಲ್ಕು ಫ್ಯಾನಿನ ಡ್ರೋನಿಗೆ ಮಾತ್ರ ಅಲ್ಲ, ಒಳಗೆ ಪೈಲಟ್ ಇಲ್ಲದೆ ಹಾರುವ ರೆಕ್ಕೆಯ ವಿಮಾನಕ್ಕೂ ಅನ್ವಯಿಸುತ್ತವೆ. ಆದರೆ ಹವ್ಯಾಸಿಗಳಿಗೆ ಸಾಕಷ್ಟು ಸಡಿಲಿಕೆ ಕೊಟ್ಟಿದ್ದಾರೆ. 25 ಕೆ.ಜಿ. ಮೀರದ, ಕಲಿಕೆಗೋ ಖುಷಿಗೋ ಹಾರಿಸುವ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರುವ ವಿಮಾನವನ್ನು ‘ಮಾಡೆಲ್’ ಎಂದು ಬೇರೆ ಇಟ್ಟಿದ್ದಾರೆ. ಅದಕ್ಕೆ ಟೈಪ್ ಸರ್ಟಿಫಿಕೇಟ್, ಅಂದರೆ ಆ ವಿನ್ಯಾಸಕ್ಕೆ ಸರ್ಕಾರದ ಒಪ್ಪಿಗೆ ಪತ್ರ, ಬೇಡ. ತೂಕ 2 ಕೆ.ಜಿ. ಒಳಗಿದ್ದು, ಸಂಪಾದನೆಗಾಗಿ ಹಾರಿಸದಿದ್ದರೆ ಪೈಲಟ್ ಸರ್ಟಿಫಿಕೇಟೂ ಬೇಡ. ನೋಂದಣಿ ಮಾತ್ರ ಬೇಕು, ಯುಐಎನ್ (ವಿಮಾನದ ವಿಶಿಷ್ಟ ಗುರುತಿನ ಸಂಖ್ಯೆ) ಪಡೆಯಬೇಕು. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೂ ಹೋಗಬಹುದು.

ಇನ್ನು ಜಾಗ. ಡಿಜಿಟಲ್ ಸ್ಕೈ, ಅಂದರೆ ಸರ್ಕಾರದ ಡ್ರೋನ್ ಜಾಲತಾಣದ ನಕ್ಷೆ ತೆರೆದು ನೋಡಿ. ಹಸಿರು ಇದ್ದಲ್ಲಿ 400 ಅಡಿವರೆಗೆ ಅನುಮತಿ ಬೇಡ, ಹಳದಿಗೆ ವಿಮಾನ ನಿಲ್ದಾಣದ ಎಟಿಸಿಯ (ವಿಮಾನ ಸಂಚಾರ ನಿಯಂತ್ರಣದವರ) ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ಉಡುಪಿ ಕಡೆಯವರಿಗೆ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ ದೂರ, ಆ ಮಟ್ಟಿಗೆ ನಿರಾಳ. ಮಂಗಳೂರಿನವರು ಮಾತ್ರ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸಲೇಬಾರದು, 8ರಿಂದ 12 ಕಿ.ಮೀ. ನಡುವೆ 200 ಅಡಿ ದಾಟಬಾರದು. ಪಣಂಬೂರಿನ ಪಕ್ಕದಲ್ಲಿ ಬಂದರೇ ಇದೆ, ಅಲ್ಲಿ ನಕ್ಷೆ ನೋಡದೆ ಬ್ಯಾಟರಿಯನ್ನೂ ಜೋಡಿಸಬೇಡಿ.

ಆದರೂ ಮಲ್ಪೆ ಬೇಡ ಅಂತಲೇ ನಾನು ಹೇಳುವುದು. ಜನ ಜಾಸ್ತಿ. ಮೀನಿನ ಬಂದರು ಇರುವುದರಿಂದ ಮೇಲೆ ಹದ್ದು, ಗರುಡಗಳು ಸದಾ ಸುತ್ತುತ್ತಿರುತ್ತವೆ. ಮರಳು, ಉಪ್ಪು ಗಾಳಿ ಮೋಟಾರಿನ ಬೇರಿಂಗಿಗೂ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್) ಗಿಯರಿಗೂ ಒಳ್ಳೆಯದಲ್ಲ. ಕೊಯ್ಲಾದ ಬೈಲುಗದ್ದೆ ಹುಡುಕಿ, ಗದ್ದೆಯವರನ್ನು ಕೇಳಿ, ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದ ಮೇಲೆ ಕಡಲ ಗಾಳಿ ಜೋರಾಗುತ್ತದೆ, ಹೊಸಬರ ಕೈಗೆ ವಿಮಾನ ಸಿಗುವುದಿಲ್ಲ.

ಪ್ರಶ್ನೆ: ಹಾರುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ರಿಮೋಟಿನ ಮಾತು ಕೇಳಲಿಲ್ಲ. ಮೋಟಾರ್ ತಿರುಗುತ್ತಲೇ ಇತ್ತು, ಕಡಲಿನ ಕಡೆ ಹೋಯಿತು, ಸಿಗಲಿಲ್ಲ. 915 ಮೆಗಾಹರ್ಟ್ಸ್ ರೇಡಿಯೊ ಹಾಕಿದರೆ ಸರಿಯಾಗುತ್ತದಾ?
– ಓದುಗರು, ಸುರತ್ಕಲ್

ಉತ್ತರ: ಕಡಲಿಗೆ ಹೋಗಿದ್ದು ಪುಣ್ಯ. ಅದೇ ರಸ್ತೆ ಕಡೆ ತಿರುಗಿದ್ದರೆ? ಸಿಗ್ನಲ್ ಹೋದಾಗ ಮೋಟಾರ್ ನಿಲ್ಲಲೇಬೇಕು, ಅದಕ್ಕೇ ಫೇಲ್‌ಸೇಫ್ ಇರುವುದು. ರೇಡಿಯೊ ಮೆನುವಿನಲ್ಲಿ, ಸಿಗ್ನಲ್ ಹೋದಾಗಿನ ಥ್ರಾಟಲ್ (ಮೋಟಾರಿನ ವೇಗ) ಸೊನ್ನೆಗೆ ಹೊಂದಿಸಿ. ಆಮೇಲೆ ಪ್ರೊಪೆಲ್ಲರ್ ಬಿಚ್ಚಿಟ್ಟು, ಥ್ರಾಟಲ್ ಅರ್ಧಕ್ಕೆ ಏರಿಸಿ, ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಆಫ್ ಮಾಡಿ ನೋಡಿ. ಮೋಟಾರ್ ನಿಂತರೆ ಮಾತ್ರ ಆ ವಿಮಾನ ಹಾರಲು ಲಾಯಕ್ಕು. ಇದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

915ರ ಆಸೆ ಬಿಡಿ. ಬೇರೆ ದೇಶಗಳಲ್ಲಿ ಅದು ನಡೆಯುತ್ತದೆ, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿಲ್ಲ. 2.4 ಗಿಗಾಹರ್ಟ್ಸ್ ಮುಕ್ತವಾಗಿದೆ, ಕಣ್ಣಳತೆಯ ಹಾರಾಟಕ್ಕೆ ಅದು ಧಾರಾಳ ಸಾಕು. ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರಿನ ಎರಡು ಆಂಟೆನಾ ಒಂದಕ್ಕೊಂದು ಅಡ್ಡವಾಗಿ, ಅಂದರೆ 90 ಡಿಗ್ರಿಯಲ್ಲಿರಲಿ, ಬ್ಯಾಟರಿಗೆ ಅಂಟಿಕೊಂಡಿರಬಾರದು.

ನಿಮ್ಮಲ್ಲಿ ತಪ್ಪು ಸಿಗ್ನಲ್ಲಿನದ್ದೇ ಆಗಿರಬೇಕೆಂದೂ ಇಲ್ಲ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಒಳಗಿನ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಭಾಗ) ರಿಸೀವರಿಗೂ ಸರ್ವೋಗಳಿಗೂ 5 ವೋಲ್ಟ್ ಕೊಡುತ್ತದೆ. ಅಗ್ಗದ ಲೀನಿಯರ್ ಬಿಇಸಿಯಾದರೆ 3ಎಸ್ (ಮೂರು ಸೆಲ್‌ನ) ಬ್ಯಾಟರಿಯ 11.1 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ, 1 ಆಂಪಿಯರ್ ಎಳೆದರೂ 6 ವಾಟ್. ನಾಲ್ಕು ಸರ್ವೋ ಇದ್ದು, ಒಂದು ಎಲ್ಲಾದರೂ ಸಿಕ್ಕಿಕೊಂಡರೆ ವೋಲ್ಟೇಜ್ ಕುಸಿದು ರಿಸೀವರ್ ಕ್ಷಣ ಸತ್ತು ಎದ್ದೇಳುತ್ತದೆ. ಆ ಕ್ಷಣವೇ ಸಾಕು. ಅಷ್ಟು ಬಿಸಿಯಾಗದ ಸ್ವಿಚಿಂಗ್ ಬಿಇಸಿ ಪ್ರತ್ಯೇಕವಾಗಿ ಹಾಕಿ, ಹಾರಿಸುವ ಮೊದಲು ಎಲ್ಲ ಸರ್ವೋ ಒಟ್ಟಿಗೆ ಆಡಿಸಿ ಬಿಇಸಿ ಎಷ್ಟು ಬಿಸಿಯಾಗಿದೆ ಅಂತ ಮುಟ್ಟಿ ನೋಡಿ.

ಪ್ರಶ್ನೆ: ಮಳೆಗಾಲ ಪೂರ್ತಿ ಹಾರಾಟ ಇಲ್ಲ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹೇಗಿಡುವುದು?
– ಓದುಗರು, ಬ್ರಹ್ಮಾವರ

ಉತ್ತರ: ಫುಲ್ ಚಾರ್ಜ್‌ನಲ್ಲಿ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಚಾರ್ಜರಿನ ಸ್ಟೋರೇಜ್ ಮೋಡಿನಲ್ಲಿ ಸೆಲ್‌ಗೆ 3.8 ವೋಲ್ಟಿಗೆ ತನ್ನಿ, 3ಎಸ್ ಆದರೆ ಒಟ್ಟು 11.4. ತೇವ ತಾಗದ ಡಬ್ಬದಲ್ಲಿಡಿ, ಹಾಸಿಗೆ, ಪುಸ್ತಕದ ಹತ್ತಿರ ಬೇಡ. ನಡುನಡುವೆ ವೋಲ್ಟೇಜ್ ನೋಡಿ. ಊದಿಕೊಂಡದ್ದನ್ನು ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.