ಡಾಕ್ಟರು ಡಬ್ಬಿ ಕೇಳಿದ್ದು ಸರಿಯೇ ಇದೆ

ತಿಕೋಟಾ ಕಡೆಯ ಓದುಗರೊಬ್ಬರ ಪತ್ರ: "ದ್ರಾಕ್ಷಿ ತೋಟದಲ್ಲಿ ನಮ್ಮ ಕಾಕಾ ನೀರು ಅಂದುಕೊಂಡು ಬಾಟಲಿಯಲ್ಲಿದ್ದ ಕೀಟನಾಶಕ ಒಂದು ಗುಟುಕು ಕುಡಿದುಬಿಟ್ಟರು. ಆಯಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಡಾಕ್ಟರು ಅದಕ್ಕೇ ಬೈದರು, 'ಡಬ್ಬಿ ಎಲ್ಲಿ' ಅಂತ ಹೊತ್ತು ಕಳೆದರು. ಕಾಕಾ ಉಳಿದದ್ದು ಆಯಿಯಿಂದ ಅಲ್ವಾ?"

ಸಂಪಾದಕರ ಉತ್ತರ:

ಕಾಕಾ ಮನೆಗೆ ಬಂದರಲ್ಲ, ಸಮಾಧಾನವಾಯಿತು. ಆಯಿ ಗಾಬರಿಯಲ್ಲೂ ಸುಮ್ನೆ ಕೂರಲಿಲ್ಲ, ಅವರನ್ನು ಬೈಯಬಾರದಿತ್ತು. ಆದರೆ ನಾನು ಡಾಕ್ಟರ ಕಡೆ. ಕಾಕಾ ಉಳಿದದ್ದು ಒಳಗೆ ಹೋಗಿದ್ದು ಒಂದೇ ಗುಟುಕು ಅಂತ, ಬೇಗ ಆಸ್ಪತ್ರೆ ಸೇರಿದರು ಅಂತ. ವಾಂತಿ ಮಾಡಿಸಿದರೆ ವಿಷ ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ವಿಷ ತಾಗಿದ ಬಟ್ಟೆ ಬಿಚ್ಚಿ, ಮೈ ಸೋಪಿನಿಂದ ತೊಳೆದು, ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ಏನೂ ಹಾಕಬೇಡಿ.

ಇನ್ನು ಡಬ್ಬಿ. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು ಸುರಿಯುತ್ತದೆ, ಮೈಯೆಲ್ಲ ಬೆವರುತ್ತದೆ, ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟಾಗುತ್ತದೆ, ಎದೆಯಲ್ಲಿ ಗೊರಗೊರ ಸದ್ದು. ಆ ಗೊರಗೊರ ನಿಲ್ಲುವವರೆಗೆ ಅಟ್ರೋಪಿನ್ ಎಂಬ ಪ್ರತಿವಿಷ ಕೊಡುತ್ತಲೇ ಇರಬೇಕು. ಕಳೆನಾಶಕ ಪ್ಯಾರಾಕ್ವಾಟ್ ಆದರೆ? ಪ್ರತಿವಿಷವೇ ಇಲ್ಲ. ಮೊದಲ ದಿನ ಚೆನ್ನಾಗಿ ಮಾತಾಡಿದವರಿಗೂ ಆಮೇಲೆ ಶ್ವಾಸಕೋಶ ಕೆಡುತ್ತದೆ, ಬೇಕಿಲ್ಲದೆ ಆಕ್ಸಿಜನ್ ಕೊಟ್ಟರೆ ಇನ್ನೂ ಕೆಡುತ್ತದೆ. ಹೆಸರು ಗೊತ್ತಿಲ್ಲದೆ ಡಾಕ್ಟರು ಏನು ಮಾಡಬೇಕು ಹೇಳಿ?

ಇನ್ನೊಂದು ಪ್ರಶ್ನೆಯನ್ನೂ ಅವರು ಕೇಳುತ್ತಾರೆ: "ದಿನಾ ಕುಡೀತಾರಾ?" ನಮ್ಮವರು ಮರ್ಯಾದೆಗೆ ಅಂಜಿ "ಇಲ್ರೀ, ಎಂದೋ ಒಮ್ಮೆ" ಅಂತಾರೆ. ದಿನಾ ಕುಡಿಯುವವನಿಗೆ ಸೆರೆ ಒಮ್ಮೆಲೇ ನಿಂತರೆ ಎರಡು-ಮೂರನೇ ದಿನ ಕೈ ನಡುಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಮಂಚದಿಂದ ಎದ್ದು ಓಡುತ್ತಾನೆ. ಅಟ್ರೋಪಿನ್ ಹೆಚ್ಚಾದರೂ ಹೀಗೇ ಬಡಬಡಿಸುತ್ತಾರೆ. ಎರಡಕ್ಕೂ ಚಿಕಿತ್ಸೆ ಬೇರೆ. ನೀವು ಮುಚ್ಚಿಟ್ಟ ಒಂದು ಮಾತಿಗೆ ಡಾಕ್ಟರು ಕತ್ತಲಲ್ಲಿ ತಡಕಾಡಬೇಕು. ಕುಡಿತ ಕಾಯಿಲೆ, ಅದನ್ನು ಹೇಳಲು ನಾಚಿಕೆ ಯಾಕೆ? ಬಿಡಿಸಲು ಸಹಾಯ ಬೇಕಾದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ.

ನನ್ನ ನಿಜವಾದ ಸಿಟ್ಟು ಅಂಗಡಿಗಳ ಮೇಲೆ. ಹಳೇ ಕ್ವಾರ್ಟರ್ ಬಾಟಲಿಗೆ ಕೀಟನಾಶಕ ಸುರಿದು, ಪ್ಲಾಸ್ಟಿಕ್ ಹಾಳೆ ಬಿಗಿದು ಕೊಡುವುದನ್ನು ಕಣ್ಣಾರೆ ನೋಡಿದ್ದೇನೆ. ಲೇಬಲ್ ಇಲ್ಲ, ವಿಷ ಎಷ್ಟು ಕಟು ಅಂತ ತೋರಿಸುವ ಕೆಂಪು-ಹಳದಿ ತ್ರಿಕೋನ ಇಲ್ಲ. 1968ರ ಕೀಟನಾಶಕ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಆದರೂ ನಡೆದೇ ಇದೆ, ಯಾಕಂದ್ರೆ ನಾವೇ "ಪಾವು ಲೀಟರ್ ಸಾಕು, ಹಾಕಿಕೊಡ್ರಿ" ಅಂತೀವಿ. ಕಾಕಾನ ಕೈಗೆ ಸಿಕ್ಕ ಬಾಟಲಿ ಯಾವ ಅಂಗಡಿಯದು? ಅದನ್ನು ಪತ್ತೆ ಮಾಡಿ, ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ. ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.