ಬರ್ಗರ್‌ಗೆ ಗ್ರಿಲ್ ಬೇಡ, ರೊಟ್ಟಿ ಹಂಚು ಸಾಕು

ಪ್ರಶ್ನೆ: ಮಕ್ಕಳಿಗಾಗಿ ವಾರಕ್ಕೊಮ್ಮೆ ಮನೆಯಲ್ಲೇ ಬರ್ಗರ್ ಮಾಡುತ್ತೇನೆ. ಮಟನ್ ಖೀಮಾದ ಟಿಕ್ಕಿ ಬೇಯುವಾಗ ನಡುವೆ ಚೆಂಡಿನಂತೆ ಉಬ್ಬಿ, ಅಂಚು ಕುಗ್ಗುತ್ತದೆ. ಆಲೂಗಡ್ಡೆಯ ಟಿಕ್ಕಿ ಹಂಚಿನ ಮೇಲೆಯೇ ಒಡೆಯುತ್ತದೆ. ಎರಡರಲ್ಲೂ ಬನ್ನಿನ ತಳ ಒದ್ದೆಯಾಗಿ ಹರಿದು ಕೈಗೆ ಬರುತ್ತದೆ. ವಿದ್ಯುತ್ ಗ್ರಿಲ್ ತಂದರೆ ಎಲ್ಲವೂ ಸರಿಹೋಗುತ್ತದೆ ಎಂದು ಮಗ ಹೇಳುತ್ತಾನೆ. ಕೊಳ್ಳಬೇಕೇ?
– ಗೃಹಿಣಿ, ಕಲಬುರಗಿ

ಉತ್ತರ: ಕೊಳ್ಳಬೇಕಾಗಿಲ್ಲ. ನೀವು ಬರೆದ ಮೂರು ತೊಂದರೆಗಳಲ್ಲಿ ಎರಡು ನೀರಿನಿಂದ ಬಂದವು, ಒಂದು ಆಕಾರದಿಂದ ಬಂದದ್ದು. ಗ್ರಿಲ್ ಇವುಗಳಲ್ಲಿ ಒಂದನ್ನೂ ಪರಿಹರಿಸುವುದಿಲ್ಲ. ಜೋಳದ ರೊಟ್ಟಿ ಬೇಯಿಸುವ ದಪ್ಪ ಕಬ್ಬಿಣದ ಹಂಚು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ, ಮತ್ತು ಈ ಕೆಲಸಕ್ಕೆ ಅದು ಅಗ್ಗದ ವಿದ್ಯುತ್ ಗ್ರಿಲ್‌ಗಿಂತ ಮೇಲು. ಕಬ್ಬಿಣ ನಿಧಾನವಾಗಿ ಕಾಯುತ್ತದೆ, ಆದರೆ ಒಮ್ಮೆ ಕಾದ ಮೇಲೆ ತಣ್ಣನೆಯ ಖೀಮಾ ಬಿದ್ದರೂ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಟಿಕ್ಕಿಯ ಮೇಲೆ ಕಂದು ಬಣ್ಣವೂ ಹುರಿದ ಪರಿಮಳವೂ ಬರಬೇಕಾದರೆ ಅದರ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮೈಮೇಲೆ ನೀರಿರುವ ತನಕ ಶಾಖ 100 ಡಿಗ್ರಿಯಲ್ಲೇ ನಿಂತು, ಟಿಕ್ಕಿ ಹುರಿಯದೆ ಬೇಯುತ್ತದೆ. ಹಂಚು ಕಾದಿದೆಯೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿ: ಹನಿ ಚುರ್ ಎಂದು ಆರಿದರೆ ಇನ್ನೂ ಸ್ವಲ್ಪ ಕಾಯಬೇಕು, ಮುತ್ತಿನಂತೆ ಉರುಳಾಡಿದರೆ ಹದ ಬಂದಿದೆ. ರೊಟ್ಟಿ ಬಡಿಯುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ರೊಟ್ಟಿಯ ಹಂಚಿಗೆ ಎಣ್ಣೆ ತಾಗಿಸಲು ಹಿರಿಯರು ಒಪ್ಪುವುದಿಲ್ಲ, ಅವರ ಮಾತು ಸರಿಯೂ ಹೌದು; ಗ್ರಿಲ್‌ಗೆ ಎತ್ತಿಟ್ಟ ಹಣದಲ್ಲಿ ಸ್ವಲ್ಪವನ್ನು ತೆಗೆದು ಇನ್ನೊಂದು ಸಮತಟ್ಟಾದ ಹಂಚನ್ನು ತಂದುಕೊಳ್ಳಿ. ರೊಟ್ಟಿ ಹಂಚು ನಡುವೆ ತಗ್ಗಾಗಿದ್ದರೆ ಕರಗಿದ ಕೊಬ್ಬೆಲ್ಲ ಅಲ್ಲಿ ಸೇರುವುದರಿಂದ, ಅದರ ಮೇಲೆ ಒಮ್ಮೆಗೆ ಒಂದೇ ಟಿಕ್ಕಿ ಹಾಕುವುದು ಲೇಸು.

ಈಗ ಖೀಮಾ. ನಮ್ಮ ಕಡೆ ಖೀಮಾವನ್ನು ತಂದ ಕೂಡಲೇ ತೊಳೆಯುವ ರೂಢಿ ಇದೆ. ತೊಳೆದ ಖೀಮಾ ಸ್ಪಂಜಿನಂತೆ ನೀರು ಹಿಡಿದುಕೊಳ್ಳುತ್ತದೆ, ಹಿಂಡಿದರೂ ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಮಾಂಸವನ್ನು ತುಂಡಾಗಿರುವಾಗಲೇ ತೊಳೆದು, ಒರೆಸಿ, ಆಮೇಲೆ ಕೊಚ್ಚಿಸುವುದು ಒಳ್ಳೆಯದು. ಆಡಿನ ಮಾಂಸದಲ್ಲಿ ಕೊಬ್ಬು ಕಡಿಮೆ. ಅರ್ಧ ಕಿಲೋದಲ್ಲಿ 400 ಗ್ರಾಂ ಮಾಂಸ, 100 ಗ್ರಾಂ ಚರ್ಬಿ ಇರುವಂತೆ ಕೊಚ್ಚಿಕೊಡಲು ಅಂಗಡಿಯವರಿಗೆ ಹೇಳಿದರೆ ಟಿಕ್ಕಿ ಒಣಗುವುದಿಲ್ಲ. ಉಳ್ಳಾಗಡ್ಡಿ ಹಾಕುವುದಾದರೆ ತುರಿಮಣೆಯಲ್ಲಿ ತುರಿದು, ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ ಹಾಕಿ. ಒಂದು ದೊಡ್ಡ ಗಡ್ಡೆಯಿಂದ ಎಷ್ಟು ರಸ ಬಟ್ಟಲಿಗೆ ಇಳಿಯುತ್ತದೆಂದು ಒಮ್ಮೆ ಕಣ್ಣಾರೆ ಕಂಡರೆ, ಬನ್ನಿನ ತಳ ಏಕೆ ಒದ್ದೆಯಾಗುತ್ತಿತ್ತು ಎಂಬುದು ತಾನೇ ತಿಳಿಯುತ್ತದೆ. ರೊಟ್ಟಿ ಹಿಟ್ಟಿನಂತೆ ಖೀಮಾವನ್ನು ನಾದಬೇಡಿ. ಉಪ್ಪನ್ನು ಕೂಡ ಒಳಗೆ ಬೆರೆಸದೆ, ಹಂಚಿಗೆ ಹಾಕುವ ಮುನ್ನ ಮೇಲೆ ಉದುರಿಸಿ. ಮೊದಲೇ ಬೆರೆಸಿದರೆ ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ, ಬೆಂದ ಮೇಲೆ ಟಿಕ್ಕಿ ರಬ್ಬರಿನಂತೆ ಬಿಗಿಯುತ್ತದೆ.

ಆಕಾರಕ್ಕೆ ಬೇಕಾದದ್ದು ಒಂದು ಡಬ್ಬಿಯ ಮುಚ್ಚಳ. ಬನ್ನಿಗಿಂತ ಒಂದು ಸೆಂಟಿಮೀಟರ್‌ನಷ್ಟು ಅಗಲವಾದುದನ್ನು ಆರಿಸಿ, ಒಳಗೆ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಹಾಸಿ, ತಕ್ಕಡಿಯಲ್ಲಿ ತೂಗಿದ 125 ಗ್ರಾಂ ಖೀಮಾವನ್ನು ಹಗುರವಾಗಿ ಒತ್ತಿ ಬಿಡಿಸಿಕೊಳ್ಳಿ. ನಂತರ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ. ಬೇಯುವಾಗ ಅಂಚು ಮೊದಲು ಬಿಗಿದು ನಡುವಿನ ಭಾಗವನ್ನು ಮೇಲಕ್ಕೆ ದೂಡುತ್ತದೆ. ಗುಳಿ ಇದ್ದರೆ ಆ ಉಬ್ಬು ಗುಳಿಯನ್ನು ತುಂಬಿ, ಮೇಲ್ಮೈ ಸಮವಾಗುತ್ತದೆ. ನಿಮ್ಮ ಚೆಂಡಿಗೆ ಇಷ್ಟೇ ಮದ್ದು.

ಹಂಚಿಗೆ ಹಾಕಿದ ಮೇಲೆ ಸಟ್ಟುಗದಿಂದ ಒತ್ತುವ ಆಸೆಯನ್ನು ತಡೆದುಕೊಳ್ಳಿ, ಏಕೆಂದರೆ ಆ ಚುರ್ ಸದ್ದಿನ ಜೊತೆ ಹೋಗುವುದು ಟಿಕ್ಕಿಯ ರಸ. ತಳ ಕಂದಾದಾಗ ಟಿಕ್ಕಿ ಹಂಚನ್ನು ತಾನಾಗಿಯೇ ಬಿಡುತ್ತದೆ. ಅಂಟಿಕೊಂಡಿದ್ದರೆ ಇನ್ನೂ ಹೊತ್ತಾಗಿಲ್ಲ ಎಂದರ್ಥ. ಹೊಸದಾಗಿ ಏನಾದರೂ ಕೊಳ್ಳಲೇಬೇಕಿದ್ದರೆ ಅಡುಗೆಯ ಥರ್ಮಾಮೀಟರ್ ಕೊಳ್ಳಿ. ಅದರ ಮೊನೆಯನ್ನು ಪಕ್ಕದಿಂದ ನಡುವಿಗೆ ಚುಚ್ಚಿ ನೋಡಿದಾಗ ಮಟನ್ ಖೀಮಾ 71 ಡಿಗ್ರಿ, ಕೋಳಿಯದಾದರೆ 74 ಡಿಗ್ರಿ ತಲುಪಿರಬೇಕು. ಕೊಚ್ಚುವಾಗ ಹೊರಮೈಯ ಸೂಕ್ಷ್ಮಾಣುಗಳು ಒಳಗೆಲ್ಲ ಸೇರಿಕೊಳ್ಳುವುದರಿಂದ ಈ ವಿಷಯದಲ್ಲಿ ಬಣ್ಣವನ್ನು ನಂಬುವಂತಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಂತೂ ಖೀಮಾವನ್ನು ಹಂಚು ಕಾಯುವ ತನಕ ಫ್ರಿಜ್ಜಿನಲ್ಲೇ ಇಟ್ಟಿರಿ.

ಆಲೂಗಡ್ಡೆಯನ್ನು ಸಿಪ್ಪೆಸಹಿತ ಬೇಯಿಸಿ, ಪೂರ್ತಿ ಆರಿದ ಮೇಲೆ ತುರಿಯಿರಿ. ಬಿಸಿಯಿರುವಾಗಲೇ ಹಿಸುಕಿದರೆ ಅಂಟಾಗುತ್ತದೆ. ಇನ್ನೂ ಗಟ್ಟಿ ಬೇಕೆನಿಸಿದರೆ, ಹೋಳಿಗೆಯ ಹೂರಣಕ್ಕೆ ಬಸಿಯುವಂತೆ ಕಟ್ಟು ತೆಗೆದ ತೊಗರಿಬೇಳೆಯನ್ನು ಒಂದು ಹಿಡಿ ಸೇರಿಸಬಹುದು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಬೇಳೆಯನ್ನು ಬೆಳೆಯುವ ಜಿಲ್ಲೆಯಲ್ಲಿ ಕುಳಿತು ಟಿಕ್ಕಿಗೆ ಬರೀ ಬ್ರೆಡ್ ಪುಡಿ ಹುಡುಕುವುದು ನನಗಂತೂ ಸರಿಕಾಣುವುದಿಲ್ಲ. ಜೊತೆಗೆ ಮಿಕ್ಸಿಯಲ್ಲಿ ಪುಡಿ ಮಾಡಿದ ಒಣ ಅವಲಕ್ಕಿ ಎರಡು ಚಮಚ ಬೆರೆಸಿ, ತಟ್ಟಿದ ಟಿಕ್ಕಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಬನ್ನನ್ನು ಸೀಳಿ, ಒಳಮೈಗೆ ಬೆಣ್ಣೆ ಸವರಿ, ಅದೇ ಹಂಚಿನ ಮೇಲೆ ಕವುಚಿ ಹುರಿದರೆ ರಸ ಬೇಗ ಇಳಿಯುವುದಿಲ್ಲ. ಟಿಕ್ಕಿಯನ್ನು ತಟ್ಟೆಯ ಬದಲು ತಂತಿಯ ಜಾಲರಿಯ ಮೇಲೆ ಎರಡು ನಿಮಿಷ ಬಿಟ್ಟು ಆಮೇಲೆ ಬನ್ನಿಗೆ ಇಡಿ. ಸಾಸಿನ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಶೇಂಗಾ ಹಿಂಡಿ ಕಲಸಿ ಸವರಿ ನೋಡಿ. ನಮ್ಮ ಮನೆಯಲ್ಲಿ ಈಗ ಬೇರೆ ಸಾಸ್ ತರುವುದಿಲ್ಲ.

ಪ್ರಶ್ನೆ: ನಾನ್‌ಸ್ಟಿಕ್ ತವಾ ಮಾತ್ರ ಇದೆ. ಅದರಲ್ಲಿ ಬರ್ಗರ್ ಟಿಕ್ಕಿ ಮಾಡಬಹುದೇ?
– ವಿದ್ಯಾರ್ಥಿ, ಬೀದರ್

ಉತ್ತರ: ಮಾಡಬಹುದು. ಆದರೆ ಆ ಲೇಪನ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗತೊಡಗುವುದರಿಂದ ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಕಾಯಿಸಬೇಡಿ, ಕಬ್ಬಿಣದ ಸಟ್ಟುಗವನ್ನೂ ತಾಗಿಸಬೇಡಿ. ಎಣ್ಣೆ ಸವರಿ, ನಡು ಉರಿಯಲ್ಲಿ, ಕಟ್ಟಿಗೆಯ ಸಟ್ಟುಗದಿಂದ ತಿರುವಿ. ಬಣ್ಣ ತುಸು ಕಡಿಮೆ ಬರುತ್ತದೆ. ಚೀಸ್ ಹಾಕುವುದಿದ್ದರೆ ಕೊನೆಗೆ ತವಾದ ಅಂಚಿಗೆ ಒಂದು ಚಮಚ ನೀರು ಬಿಟ್ಟು ಕೂಡಲೇ ಪಾತ್ರೆ ಕವುಚಿ. ಅರ್ಧ ನಿಮಿಷದ ಆವಿಗೆ ಕರಗುತ್ತದೆ.